ಬ್ಯಾಕಪ್ ವಾಪಸ್ ಹಾಕಿದ ಮೇಲೆ ಲಿನಕ್ಸ್ ಬೂಟ್ ಆಗಬೇಕಲ್ವಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಕಾಲೇಜು ಹುಡುಗರು, ರಿಪೇರಿ ಅಂಗಡಿಯವರು, ಮಂಡಿಗಳ ಕಂಪ್ಯೂಟರ್ ನೋಡಿಕೊಳ್ಳುವವರು ಒಟ್ಟಿಗೆ ಕೂತಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೆಕ್ಕೆಜೋಳದ ಸುಗ್ಗಿ. ಎಪಿಎಂಸಿಯಲ್ಲಿ ಲಾರಿಗಳು ಸಾಲಾಗಿ ನಿಂತಿವೆ. ಆಗಲೇ ಒಂದು ಮಂಡಿಯ ಉಬುಂಟು ಲಿನಕ್ಸ್ ಕಂಪ್ಯೂಟರಿನ ಡಿಸ್ಕ್ ಹೋಯಿತು ಅಂದುಕೊಳ್ಳಿ. ಬ್ಯಾಕಪ್ ಇದೆ. ಹೊಸ ಎಸ್‌ಎಸ್‌ಡಿ ಹಾಕಿ ಫೈಲುಗಳನ್ನೆಲ್ಲ ತುಂಬಿದಿರಿ. ಒಂದು ಫೈಲೂ ಕಳೆದಿಲ್ಲ. ಆದರೂ ಬೂಟ್ ಆಗುವುದಿಲ್ಲ, ಅಂದರೆ ಸಿಸ್ಟಮ್ ಶುರುವೇ ಆಗುವುದಿಲ್ಲ. ಯಾಕೆ?

ಪಾರ್ಟಿಷನ್ ಅಂದರೆ ಡಿಸ್ಕಿನ ಒಂದು ಭಾಗ. ಅದನ್ನು ಫಾರ್ಮ್ಯಾಟ್ ಮಾಡಿದಾಗಲೆಲ್ಲ ಅದಕ್ಕೆ ಹೊಸ ಗುರುತಿನ ಸಂಖ್ಯೆ ಬರುತ್ತದೆ. ಅದೇ ಯುಯುಐಡಿ. ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕು ಅಂತ ಹೇಳುವುದು ಎಫ್‌ಎಸ್‌ಟ್ಯಾಬ್ ಫೈಲು, ಲಿನಕ್ಸ್ ಶುರುಮಾಡುವ ಬೂಟ್‌ಲೋಡರ್ ಗ್ರಬ್. ಬ್ಯಾಕಪ್ಪಿನಿಂದ ಬಂದ ಎಫ್‌ಎಸ್‌ಟ್ಯಾಬ್‌ನಲ್ಲೂ ಗ್ರಬ್‌ನ ಫೈಲಿನಲ್ಲೂ ಇರುವುದು ಸತ್ತ ಡಿಸ್ಕಿನ ಸಂಖ್ಯೆ. ಎಫ್‌ಎಸ್‌ಟ್ಯಾಬ್‌ನಲ್ಲಿರುವ ಒಂದು ಪಾರ್ಟಿಷನ್ ಸಿಗದಿದ್ದರೂ ಸೇವೆಗಳನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ, ಅಂದರೆ ಬರೀ ಕಮಾಂಡ್ ಹೊಡೆಯುವ ಪರದೆಗೆ, ಬೀಳುತ್ತದೆ. ಜನ ಹೆದರಿ ಮತ್ತೆ ಫಾರ್ಮ್ಯಾಟ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ!

ಲೈವ್ ಯುಎಸ್‌ಬಿಯಿಂದ, ಅಂದರೆ ಲಿನಕ್ಸ್ ನೇರವಾಗಿ ಓಡುವ ಪೆನ್‌ಡ್ರೈವ್‌ನಿಂದ, ಬೂಟ್ ಮಾಡಿ. ಸಿಸ್ಟಮ್ ಇರುವ ಹೊಸ ರೂಟ್ ಪಾರ್ಟಿಷನ್, ಅದರೊಳಗೆ ಬೂಟ್‌ಲೋಡರ್ ಇರುವ ಇಎಫ್‌ಐ ಪಾರ್ಟಿಷನ್ ಎರಡನ್ನೂ ಮೌಂಟ್ ಮಾಡಿ, ಅಂದರೆ ಜೋಡಿಸಿ, ಫೈಲು ತುಂಬಿ. ಪ್ರೋಕ್, ಸಿಸ್, ಡೆವ್, ರನ್ ಈ ಫೋಲ್ಡರುಗಳ ಒಳಗಿನದನ್ನು ತರಬೇಡಿ. ಅವು ಬೂಟ್ ಆಗುವಾಗ ತಾವೇ ತುಂಬಿಕೊಳ್ಳುತ್ತವೆ, ಖಾಲಿ ಫೋಲ್ಡರ್ ಇದ್ದರೆ ಸಾಕು. ಆಮೇಲೆ ಬಿಎಲ್‌ಕೆ‌ಐಡಿ ಕಮಾಂಡ್ ಓಡಿಸಿ, ಅದು ತೋರಿಸುವ ಹೊಸ ಯುಯುಐಡಿಗಳನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆಯಿರಿ. ಲೈವ್ ಸಿಸ್ಟಮ್‌ನ ಡೆವ್, ಪ್ರೋಕ್, ಸಿಸ್, ರನ್ ಬೈಂಡ್ ಮಾಡಿ, ಅಂದರೆ ಹೊಸ ರೂಟ್‌ನಲ್ಲೂ ಕಾಣುವಂತೆ ಮಾಡಿ, ಸಿಎಚ್‌ರೂಟ್ ಕಮಾಂಡ್‌ನಿಂದ ಆ ರೂಟ್ ಒಳಗೆ ಹೋಗಿ. ಅಲ್ಲಿ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೂಟ್ ಶುರುವಿನಲ್ಲಿ ಬೇಕಾಗುವ ಪುಟ್ಟ ಫೈಲು ಕಟ್ಟು, ಹೊಸದಾಗಿ ಕಟ್ಟಿಸಿ, ಗ್ರಬ್ ಇನ್‌ಸ್ಟಾಲ್ ಮಾಡಿ, ಕೊನೆಗೆ ಅಪ್‌ಡೇಟ್ ಗ್ರಬ್. ಉಬುಂಟು ಬದಲು ಫೆಡೋರಾ ಲಿನಕ್ಸ್ ಇದ್ದರೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಕೆಲಸ ಡ್ರಾಕಟ್ ಅನ್ನುವ ಕಮಾಂಡ್‌ನದು. ಅಲ್ಲಿ ಭದ್ರತೆಗೆ ಫೈಲುಗಳ ಮೇಲಿರುವ ಎಸ್‌ಇಲಿನಕ್ಸ್ ಲೇಬಲ್ಲುಗಳನ್ನೂ ಮತ್ತೆ ಹಾಕಿಸಬೇಕು.

ಬೂಟ್ ಪಾರ್ಟಿಷನ್ ಬೇರೆ ಇಟ್ಟವರು ಇಲ್ಲಿ ಗಮನ ಕೊಡಿ. ಡಿಸ್ಕ್ ಸರಿಯಾಗಿದೆ, ರೂಟ್ ಮಾತ್ರ ಹಳೆಯ ಬ್ಯಾಕಪ್ಪಿನಿಂದ ತಂದಿರಿ. ಬೂಟ್‌ನಲ್ಲಿ ಈ ವಾರದ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಇದೆ. ಆದರೆ ರೂಟ್‌ನ ಲಿಬ್ ಫೋಲ್ಡರ್ ಒಳಗೆ ಅದರ ಮಾಡ್ಯೂಲುಗಳೇ, ಅಂದರೆ ಡ್ರೈವರುಗಳೇ, ಇಲ್ಲ. ಆಗ ವೈಫೈ ಇಲ್ಲ, ಸೌಂಡ್ ಇಲ್ಲ, ಕೆಲವೊಮ್ಮೆ ಬೂಟೇ ಇಲ್ಲ. ಬೂಟ್, ರೂಟ್ ಇವೆರಡೂ ಯಾವಾಗಲೂ ಒಂದೇ ದಿನದ ಬ್ಯಾಕಪ್ಪಿನಿಂದ ಬರಬೇಕು.

ಬ್ಯಾಕಪ್ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಫ್ಯಾಟ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಫೈಲಿನ ಮಾಲೀಕ ಯಾರು, ಅನುಮತಿ ಏನು ಅನ್ನುವುದೆಲ್ಲ ಅಳಿಸಿಹೋಗುತ್ತದೆ. ಅಂಥದ್ದನ್ನು ವಾಪಸ್ ಹಾಕಿದರೆ ಅಡ್ಮಿನ್ ಅಧಿಕಾರ ಕೊಡುವ ಸೂಡೋ ಕಮಾಂಡ್ ಕೂಡ ಕೆಲಸ ಮಾಡುವುದಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಫಾರ್ಮ್ಯಾಟ್‌ನ ಡಿಸ್ಕಿಗೆ ಆರ್‌ಸಿಂಕ್ ಅನ್ನುವ ಕಾಪಿ ಕಮಾಂಡ್‌ನಿಂದ ಬ್ಯಾಕಪ್ ಮಾಡಿ. ಸಣ್ಣ ಎ, ದೊಡ್ಡ ಎ, ದೊಡ್ಡ ಎಕ್ಸ್, ದೊಡ್ಡ ಎಚ್ ಈ ನಾಲ್ಕೂ ಆಯ್ಕೆ ಇರಲಿ. ಜೊತೆಗೆ ಮಾಲೀಕರನ್ನು ಹೆಸರಿನ ಬದಲು ಸಂಖ್ಯೆಯಿಂದಲೇ ಗುರುತಿಸುವ ನ್ಯೂಮರಿಕ್ ಐಡಿ ಆಯ್ಕೆಯೂ ಬೇಕು, ಯಾಕೆಂದರೆ ಲೈವ್ ಯುಎಸ್‌ಬಿಯ ಬಳಕೆದಾರರ ಸಂಖ್ಯೆಗಳೇ ಬೇರೆ.

ಕೆಟ್ಟಿರುವುದು ಒಂದೇ ಕಾನ್ಫಿಗ್ ಫೈಲಾದರೆ ಅದೊಂದನ್ನೇ ತನ್ನಿ. ಇಡೀ ಸಿಸ್ಟಮ್ ಹಿಂದಕ್ಕೆ ಎಳೆಯುವುದರಿಂದಲೇ ತೊಂದರೆ ಜಾಸ್ತಿ.

ಈಗ ಇಲ್ಲೇ ಒಂದು ವರ್ಚುವಲ್ ಮಷೀನಿನ ಡಿಸ್ಕ್ ಅಳಿಸುತ್ತೇನೆ. ಹಿಂದೆ ಕೂತವರು ಮುಂದೆ ಬನ್ನಿ, ಯುಯುಐಡಿ ನೀವೇ ಓದಿ ಹೇಳಬೇಕು.