ಫೈನಲ್ ಇಯರ್ ಮುಗೀತು, ಗ್ರೂಪ್ ಫೋಟೋ ಗಲಾಟೆ ಮುಗಿದಿಲ್ಲ! ಕೊಪ್ಪಳ ಕಾಲೇಜ್ ವ್ಲಾಗ್

ಎಲ್ಲರಿಗೂ ನಮಸ್ಕಾರ. ಕಾಲೇಜು ನೀವೇ ನೋಡುತ್ತಾ ಬನ್ನಿ, ನಾನು ನಮ್ಮ 2024-25ರ ಸುದ್ದಿ ಹೇಳುತ್ತೇನೆ.

ಈ ಕ್ಲಿಪ್ ಕ್ಯಾಂಪಸ್‌ನದ್ದಲ್ಲ, ಆಗಸ್ಟ್‌ನಲ್ಲಿ ಮುನಿರಾಬಾದ್ ಕಡೆ ತೆಗೆದದ್ದು. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗಿನದು. ಇರೋದು 33 ಗೇಟು, ಹೋಗಿದ್ದು ಒಂದೇ. ಆದರೆ ನಮ್ಮ ಕ್ಲಾಸಿನಲ್ಲಿ ಗಂಗಾವತಿ, ಕಾರಟಗಿ ಕಡೆಯವರೇ ಜಾಸ್ತಿ, ಮನೆಯಲ್ಲಿ ಡ್ಯಾಮಿನ ನೀರು ನಂಬಿದ ಭತ್ತ. ಆ ವಾರ ಪಾಠ ಯಾರಿಗೆ ಬೇಕಿತ್ತು? ಡ್ಯಾಮಿನಲ್ಲಿ ಎಷ್ಟು ನೀರು ಉಳಿಯುತ್ತೆ ಅಂತ ಬೆಂಚಿಗೊಬ್ಬರು ಟಿಎಂಸಿ ಲೆಕ್ಕ ಹಾಕುತ್ತಿದ್ದರು. ಹರಿಯುವ ನೀರಲ್ಲೇ ಸ್ಟಾಪ್ ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿದರು ನೋಡಿ, ಅವತ್ತು ಸ್ಟಾಫ್ ರೂಮಿನಲ್ಲೂ ಅದೇ ಮಾತು. ಆಮೇಲೆ ಮಳೆ ಬಂತು, ಡ್ಯಾಮ್ ಮತ್ತೆ ತುಂಬಿತು. ಪುಣ್ಯ.

ಇದು ಜನವರಿ, ಗವಿಮಠದ ಜಾತ್ರೆ. ಈ ಜನ ನೋಡಿ! ನನ್ನ ಪ್ರಕಾರ ಜಾತ್ರೆ ಅಂದರೆ ದಾಸೋಹದ ಮಿರ್ಚಿ. ಅಲ್ಲ, ತೇರು. ಸರಿ, ಎರಡೂ.

ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ. ಮುಚ್ಚಬೇಕು ಅಂತ ಚರ್ಚೆಗೆ ಬಂದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳದ್ದೂ ಇತ್ತು. ನಮ್ಮ ಮಾರ್ಕ್ಸ್ ಕಾರ್ಡ್ ಬಳ್ಳಾರಿ ವಿಶ್ವವಿದ್ಯಾಲಯದ್ದು, ನಮಗೇನೂ ಬಿಸಿ ತಟ್ಟಲಿಲ್ಲ. ಜೂನಿಯರ್‌ಗಳ ಮುಖ ಮಾತ್ರ ಬಾಡಿತ್ತು. ಅವರ ಸಿಲಬಸ್ಸೂ ಬೇರೆ. ನಮ್ಮದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ಫಸ್ಟ್ ಇಯರ್‌ನವರದು ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ). ಹಾಗಾಗಿ ನನ್ನ ನೋಟ್ಸ್ ಯಾರಿಗೂ ಬೇಡವಂತೆ. ಅಷ್ಟು ಚೆಂದ ಬರೆದಿದ್ದೆ, ರದ್ದಿಗೆ ಹಾಕಬೇಕಾ?

ಬಂತು ನೋಡಿ, ಗ್ರೂಪ್ ಫೋಟೋ. ಒಂದಕ್ಕೆ 350 ರೂಪಾಯಿ! ಫ್ರೇಮ್ ಬೇಡ, ಫೋಟೋ ಅಷ್ಟೇ ಕೊಡಿ ಅಂದರೆ ಫೋಟೋಗ್ರಾಫರ್ ಅಣ್ಣ ‘ಫ್ರೇಮ್ ಇಲ್ಲದೆ ಕೊಡಲ್ಲಮ್ಮ’ ಅಂದುಬಿಟ್ಟರು. ಮಟಮಟ ಮಧ್ಯಾಹ್ನ ನಿಲ್ಲಿಸಿ ತೆಗೆದರು. ಒಬ್ಬರ ಕಣ್ಣೂ ಪೂರ್ತಿ ತೆರೆದಿಲ್ಲ. ಅದೂ ಹೋಗಲಿ. ಕೆಳಗೆ ಹೆಸರು ಓದಿ. ನಮ್ಮ ಸಾಲಿನಲ್ಲಿ ಒಬ್ಬಳು ಅವತ್ತು ಬಂದಿರಲಿಲ್ಲ, ಅವಳ ಹೆಸರು ಮಾತ್ರ ಪಟ್ಟಿಯಲ್ಲೇ ಉಳಿಯಿತು. ಈಗ ನನ್ನ ಮುಖಕ್ಕೆ ಅವಳ ಹೆಸರು, ಪಕ್ಕದವಳಿಗೆ ನನ್ನ ಹೆಸರು, ಪಕ್ಕದವಳ ಹೆಸರು ಅದರಾಚೆಯವಳಿಗೆ. ಸಾಲಿನ ಕೊನೆಯ ಹೆಸರಿಗೆ ಮುಖವೇ ಇಲ್ಲ, ಅಲ್ಲಿ ಬೇವಿನ ಮರ ಇದೆ! ಸರಿ ಮಾಡಿಕೊಡಿ ಅಂದರೆ ಮತ್ತೆ 150 ಅಂತೆ. ಯಾಕೆ ಕೊಡಬೇಕು? ಪಟ್ಟಿ ಕೊಟ್ಟದ್ದು ನಮ್ಮ ಸಿಆರ್ (ಕ್ಲಾಸ್ ಪ್ರತಿನಿಧಿ) ಅಂತಾರೆ ಅವರು. ಸಿಆರ್ ಕೇಳಿದರೆ ‘ಪ್ರಿಂಟ್‌ಗೆ ಮುಂಚೆ ತೋರಿಸಲೇ ಇಲ್ಲ’ ಅಂತಾನೆ. ಮೂರು ವರ್ಷದಲ್ಲಿ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಇಷ್ಟು ಮೆಸೇಜ್ ಯಾವತ್ತೂ ಬಂದಿರಲಿಲ್ಲ. ಇಂಟರ್ನಲ್ಸ್ ಡೇಟ್ ಕೇಳಿದರೆ ಒಬ್ಬರೂ ಉತ್ತರ ಕೊಡದವರು ಇಲ್ಲಿ ವಾಯ್ಸ್ ನೋಟ್ ಹಾಕಿದ್ದಾರೆ.

ನಾನಂತೂ ಫೋಟೋ ತಗೊಳ್ಳಲ್ಲ ಅಂದಿದ್ದೆ. ಅಪ್ಪ ನೋಡಿ, ‘ಮೊಳೆ ಎಲ್ಲಿ ಹೊಡೀಲಿ’ ಅಂದರು. ತಗೊಂಡೆ. ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸುತ್ತೇನೆ, 150 ಕೊಡಲ್ಲ.

ಅಯ್ಯೋ, ಕೇಕ್ ಕಟಿಂಗ್ ಬಂದೇಬಿಟ್ಟಿತು. ಬೀಳ್ಕೊಡುಗೆ ನಮಗೆ, ಕೇಕು ತಿಂದದ್ದು ಜೂನಿಯರ್‌ಗಳು. ಆ ನೀಲಿ ಶರ್ಟಿನವನ ತಟ್ಟೆ ನೋಡಿ, ಮೂರು ಪೀಸು!