ನಾವು ಬಿಟ್ಟು ಹೋದಾಗ ಟ್ರೆವರ್ ಏನು ಮಾಡುತ್ತಿರುತ್ತಾನೆ?

ಎಲ್ಲರಿಗೂ ನಮಸ್ಕಾರ. ಒಂದೇ ಗೇಮ್‌ನಲ್ಲಿ ಎರಡು ಮೂರು ಪಾತ್ರಗಳನ್ನು ನಮ್ಮ ಕೈಗೆ ಕೊಡುವ ಓಪನ್ ವರ್ಲ್ಡ್ ಗೇಮ್‌ಗಳ (ದೊಡ್ಡ ಜಗತ್ತಿನಲ್ಲಿ ನಮಗೆ ಬೇಕಾದಂತೆ ಓಡಾಡಬಹುದಾದ ವಿಡಿಯೋ ಗೇಮ್‌ಗಳ) ಬಗ್ಗೆ ಇವತ್ತು ಮಾತಾಡಬೇಕು. ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) 5, ರೆಡ್ ಡೆಡ್ ರಿಡೆಂಪ್ಶನ್ 2, ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ಮೂರರ ಕಥೆಯನ್ನೂ ಬಿಚ್ಚಿ ಹೇಳುತ್ತೇನೆ. ಆಡದವರು ಇಲ್ಲೇ ನಿಲ್ಲಿಸಿ, ಆಡಿ ಮುಗಿಸಿ ಆಮೇಲೆ ಬನ್ನಿ.

ನಾನು ಹೇಳೋದು ಇಷ್ಟೇ. ಎರಡನೇ ಪಾತ್ರ ಕೈಗೆ ಬಂದಾಗ ಅದೇ ಊರು, ಅದೇ ರಸ್ತೆ ಬೇರೆ ಥರ ಕಾಣಬೇಕು. ಹಾಗೆ ಕಾಣದಿದ್ದರೆ ನಮಗೆ ಸಿಕ್ಕಿದ್ದು ಸುಮ್ನೆ ಇನ್ನೊಂದು ವೇಷ, ಇನ್ನೊಂದು ಆಯುಧ.

2013ರ ಜಿಟಿಎ 5ರಿಂದ ಶುರು ಮಾಡೋಣ. ಅದರಲ್ಲಿ ನಾವು ಆಡಿಸುವ ಅಪರಾಧಿಗಳು ಮೂವರು: ಮೈಕಲ್, ಫ್ರಾಂಕ್ಲಿನ್, ಟ್ರೆವರ್. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋಗುವಾಗ ಕ್ಯಾಮೆರಾ ಆಕಾಶಕ್ಕೆ ಏರಿ, ಲಾಸ್ ಸ್ಯಾಂಟೋಸ್ ನಗರದ ಮೇಲೆ ಪಕ್ಕಕ್ಕೆ ಸರಿದು, ಇನ್ಯಾವುದೋ ಮೂಲೆಯಲ್ಲಿರುವ ಇನ್ನೊಬ್ಬನ ಮೇಲೆ ಇಳಿಯುತ್ತದೆ. ಇಳಿದಾಗ ಅವನು ನಮಗೋಸ್ಕರ ಕೈಕಟ್ಟಿ ನಿಂತಿರುವುದಿಲ್ಲ. ಫ್ರಾಂಕ್ಲಿನ್ ತನ್ನ ನಾಯಿ ಚಾಪ್ ಜೊತೆ ಓಡಾಡುತ್ತಿರಬಹುದು. ಮೈಕಲ್ ಮನೆಯವರ ಜೊತೆ ಜಗಳದಲ್ಲಿರಬಹುದು. ಟ್ರೆವರ್ ಅಂತೂ ಯಾವುದೋ ಬೆಟ್ಟದ ಮೇಲೆ ಹೆಂಗಸರ ಉಡುಪಿನಲ್ಲಿ ಎಚ್ಚರಾಗುತ್ತಾನೆ, ಇಲ್ಲಾ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುತ್ತಾನೆ. ಅಲ್ಲಿಗೆ ಹೇಗೆ ಬಂದ? ಗೇಮ್ ಹೇಳುವುದಿಲ್ಲ. ಹೇಳದೆ ಇರುವುದೇ ನನಗೆ ಇಷ್ಟ. ಕೆಲವೇ ಸೆಕೆಂಡಿನ ದೃಶ್ಯ ಅದು, ಆದರೆ ನಾವು ನೋಡದೆ ಇದ್ದಾಗಲೂ ಇವನಿಗೊಂದು ಬದುಕಿದೆ ಅನ್ನುವುದನ್ನು ಯಾವ ಉದ್ದದ ಕಟ್‌ಸೀನ್‌ಗಿಂತಲೂ (ನಾವು ಆಡದೆ ಸುಮ್ನೆ ನೋಡುವ ಕಥೆಯ ದೃಶ್ಯ) ಚೆನ್ನಾಗಿ ನಂಬಿಸುತ್ತದೆ.

ಇದಕ್ಕಿಂತ ಮುಂಚೆ 2008ರಲ್ಲಿ ಬಂದ ಜಿಟಿಎ 4 ನೆನಪಿಸಿಕೊಳ್ಳಿ. ಅಲ್ಲಿ ನಿಕೋ ಬೆಲಿಕ್ ಒಬ್ಬನೇ. ಯುದ್ಧದಲ್ಲಿ ಬೆಂದು ಬಂದ ಮನುಷ್ಯ, ಮಾಡಿದ್ದೆಲ್ಲ ಮನಸ್ಸಿನಲ್ಲಿ ಕೊರೆಯುತ್ತಿದೆ. ಆದರೆ ಕಟ್‌ಸೀನ್ ಮುಗಿದ ತಕ್ಷಣ ನಾವು ಅವನ ಕೈಯಲ್ಲಿ ಫುಟ್‌ಪಾತ್ ಮೇಲೆ ಕಾರು ಹತ್ತಿಸುತ್ತೇವೆ. ಕಥೆಯ ನಿಕೋ ಬೇರೆ, ಆಟದ ನಿಕೋ ಬೇರೆ. ಐದು ವರ್ಷದ ನಂತರ ಟ್ರೆವರ್ ಬಂದ. ಆಟಗಾರರು ಮಾಡುವ ಹುಚ್ಚಾಟವೆಲ್ಲ ಅವನ ಸ್ವಭಾವಕ್ಕೆ ಹೊಂದುತ್ತದೆ. ಹಾಗಾಗಿ ಮೈಕಲ್ ದಣಿದವನಾಗಿರಬಹುದು, ಫ್ರಾಂಕ್ಲಿನ್ ಯೋಚನೆ ಮಾಡಿ ಹೆಜ್ಜೆ ಇಡುವವನಾಗಿರಬಹುದು. ಒಬ್ಬನ ತಲೆ ಮೇಲೆ ಎಲ್ಲ ಭಾರ ಹೊರಿಸಬೇಕಾಗಿಲ್ಲ.

ಅದೇ ಗೇಮ್‌ನ ಗುಟ್ಟಿನ ವಿಷಯ ನೋಡಿ. 2004ರಲ್ಲಿ ಲುಡೆನ್‌ಡಾರ್ಫ್ ಅನ್ನೋ ಊರಿನ ದರೋಡೆ ಕೈಕೊಟ್ಟಾಗ ಮೈಕಲ್ ಸತ್ತ ಅಂತಲೇ ಟ್ರೆವರ್ ನಂಬಿರುತ್ತಾನೆ. ನಿಜದಲ್ಲಿ ಮೈಕಲ್ ಸರ್ಕಾರಿ ಏಜೆಂಟ್ ಜೊತೆ ಒಪ್ಪಂದ ಮಾಡಿಕೊಂಡು ಬೇರೆ ಹೆಸರಿನಲ್ಲಿ ಬಂಗಲೆಯಲ್ಲಿದ್ದಾನೆ, ಅವನ ಸಮಾಧಿಯಲ್ಲಿ ಮಲಗಿರುವುದು ಇನ್ನೊಬ್ಬ ಜೊತೆಗಾರ ಬ್ರ್ಯಾಡ್. ಗುಟ್ಟು ಇಟ್ಟವನನ್ನು ಆಡಿಸುವವರೂ ನಾವೇ, ಮೋಸ ಹೋದವನನ್ನು ಆಡಿಸುವವರೂ ನಾವೇ. ಕೊನೆಗೆ ಟ್ರೆವರ್ ಆ ಸಮಾಧಿ ಅಗೆಯುತ್ತಾನೆ. ಜಗಳವಾಗುತ್ತದೆ, ಮೈಕಲ್ ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾನೆ, ಟ್ರೆವರ್ ಅವನನ್ನು ಅಲ್ಲೇ ಬಿಟ್ಟು ಹೊರಡುತ್ತಾನೆ. ಆಮೇಲೆ ನೀವು ಪಾತ್ರ ಬದಲಿಸಲು ಹೋದರೆ ಮೈಕಲ್ ಸಿಗುವುದಿಲ್ಲ, ಫ್ರಾಂಕ್ಲಿನ್ ಹೋಗಿ ಅವನನ್ನು ಬಿಡಿಸುವವರೆಗೂ. ಗೆಳೆತನ ಮುರಿದದ್ದನ್ನು ಡೈಲಾಗ್‌ನಲ್ಲಿ ಹೇಳಿದ್ದಷ್ಟೇ ಅಲ್ಲ, ನಮ್ಮ ಬೆರಳಿಗೂ ತಾಗಿಸಿದರು. ಕೊನೆಯಲ್ಲಿ ಮೈಕಲ್‌ನನ್ನೋ ಟ್ರೆವರ್‌ನನ್ನೋ ಕೊಲ್ಲುವ ಎರಡು ದಾರಿಗಳ ಜೊತೆ ಇಬ್ಬರನ್ನೂ ಉಳಿಸುವ ಮೂರನೇ ದಾರಿ ಇಟ್ಟದ್ದು ಮಾತ್ರ ನನಗೆ ಹಿಡಿಸಲಿಲ್ಲ. ಅಷ್ಟೊಂದು ಕಹಿ ತುಂಬಿಸಿ, ಎಲ್ಲರನ್ನೂ ಅಷ್ಟು ಸುಲಭವಾಗಿ ಬಿಟ್ಟುಬಿಡಬಾರದಿತ್ತು.

2018ರ ರೆಡ್ ಡೆಡ್ 2 ಬೇರೆಯದೇ ದಾರಿ ಹಿಡಿಯಿತು. ಬೇಕಾದಾಗ ಬದಲಿಸುವ ಅವಕಾಶವೇ ಇಲ್ಲ. 1899ರ ಕಥೆ ಪೂರ್ತಿ ದರೋಡೆಕೋರ ಆರ್ಥರ್ ಮೋರ್ಗನ್‌ನದು. ಕ್ಷಯ ಹಿಡಿದು ಸೊರಗುವ ಅವನನ್ನು ಅಷ್ಟು ಹೊತ್ತು ಆಡಿಸಿ, ಅವನು ಸತ್ತ ಮೇಲೆ 1907ರಲ್ಲಿ ಅವನದೇ ಗುಂಪಿನ ಜಾನ್ ಮಾರ್ಸ್ಟನ್ ಆಗಿ ಅದೇ ಬೆಟ್ಟ, ಅದೇ ಕಾಡಿಗೆ ಇಳಿಯುತ್ತೇವೆ. ಆರ್ಥರ್‌ಗೆ ಈಜು ಬರುತ್ತಿತ್ತು, ಜಾನ್ ಆಳದ ನೀರಿಗಿಳಿದರೆ ಬೇಗ ಮುಳುಗುತ್ತಾನೆ. ಆರ್ಥರ್‌ನ ಡೈರಿ ಈಗ ಜಾನ್ ಹತ್ತಿರ ಇದೆ. ಹಿಂದಿನ ಪುಟಗಳಲ್ಲಿ ಆರ್ಥರ್ ಬರೆದ ಪ್ರಾಣಿ, ಪಕ್ಷಿ, ಊರುಗಳ ಚಂದದ ಚಿತ್ರ. ಮುಂದಿನ ಪುಟಗಳಲ್ಲಿ ಜಾನ್‌ನ ಸೊಟ್ಟ ಗೆರೆಗಳು, ಚಿಕ್ಕ ಮಕ್ಕಳು ಗೀಚಿದ ಹಾಗೆ. ಈ ಡೈರಿಯನ್ನು ತೆರೆಯದೆ ಆಟ ಮುಗಿಸಿದವರು ತುಂಬಾ ಜನ ಇರಬಹುದು. ದಯವಿಟ್ಟು ತೆರೆದು ನೋಡಿ. ಒಂದೇ ಜಗತ್ತನ್ನು ಇಬ್ಬರು ಹೇಗೆ ನೋಡಿದರು ಅನ್ನುವುದಕ್ಕೆ ಇಷ್ಟು ಸರಳವಾದ, ಇಷ್ಟು ನೋವಿನ ಸಾಕ್ಷಿಯನ್ನು ನಾನು ಬೇರೆ ಯಾವ ಗೇಮ್‌ನಲ್ಲೂ ನೋಡಿಲ್ಲ.

ಪೀಟರ್, ಮೈಲ್ಸ್ ಅನ್ನೋ ಇಬ್ಬರು ಸ್ಪೈಡರ್‌ಮ್ಯಾನ್‌ಗಳಿರುವ ಸ್ಪೈಡರ್‌ಮ್ಯಾನ್ 2 ಗೇಮ್ ಬಗ್ಗೆ ಒಂದೇ ಮಾತು: ಪೀಟರ್ ಆಗಿ ಬೀದಿಯಲ್ಲಿ ಹೊಡೆದಾಡುತ್ತಿದ್ದಾಗ ಮೈಲ್ಸ್ ತಾನಾಗಿಯೇ ಬಂದು ಕೈಜೋಡಿಸುವುದು ತುಂಬಾ ಖುಷಿ ಕೊಡುತ್ತದೆ.

2025ರ ಶ್ಯಾಡೋಸ್ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ದೇಹದ ಮಟ್ಟಿಗೆ ಅವರು ಗೆದ್ದಿದ್ದಾರೆ. ಇದರ ಇಬ್ಬರಲ್ಲಿ ನಿಂಜಾ ಹುಡುಗಿ ನಾಒಯೆ ಗೋಡೆ ಹತ್ತಿ, ದೀಪ ಆರಿಸಿ, ಕತ್ತಲಲ್ಲಿ ನುಸುಳುತ್ತಾಳೆ. ಸಮುರಾಯ್ ಯೋಧ ಯಾಸುಕೆ ಅದೇ ಕೋಟೆಯ ಬಾಗಿಲು ಒಡೆದು ನುಗ್ಗುತ್ತಾನೆ, ಹತ್ತುವುದಂತೂ ಅವನಿಂದ ಅಷ್ಟಾಗಿ ಆಗದು. ಕೋಟೆ ಒಂದೇ, ಆದರೆ ಇವಳಿಗೆ ಸೂರು ಮುಖ್ಯ, ಅವನಿಗೆ ಬಾಗಿಲು. ಸೊಗಸಾಗಿದೆ. ಕಥೆಗೆ ಬಂದಾಗ ನಿರಾಸೆ. ಜಪಾನಿನ ಸೇನಾನಾಯಕ ಒಡಾ ನೊಬುನಾಗನ ಸೇನೆ 1581ರಲ್ಲಿ ಇಗಾ ನಾಡನ್ನು ತುಳಿದಾಗ ಯಾಸುಕೆ ಆ ಸೇನೆಯ ಕಡೆ ಇದ್ದ, ನಾಒಯೆ ಅದೇ ಇಗಾದವಳು. ಇವರಿಬ್ಬರ ನಡುವೆ ಎಂಥ ಬೆಂಕಿ ಇರಬೇಕಿತ್ತು ಯೋಚಿಸಿ! ಆದರೆ ಬಹಳಷ್ಟು ಮಿಷನ್‌ಗಳನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಆಡಬಹುದು. ಹಾಗಾಗಿ ಮಾತುಗಳೂ ಇಬ್ಬರಿಗೂ ಹೊಂದುವಂತೆ ಸಪ್ಪೆಯಾಗಿವೆ, ಆ ಹಳೆಯ ಗಾಯ ಬೇಗ ಮಾಯವಾಗುತ್ತದೆ. ಅವಳ ಊರಿಗೆ ಅವನನ್ನು ಒಬ್ಬನನ್ನೇ ಕಳಿಸಿ, ಅಲ್ಲಿಯ ಜನ ಅವನ ಮುಖ ನೋಡಿ ಬಾಗಿಲು ಹಾಕಿಕೊಳ್ಳುವುದನ್ನು ನಮಗೆ ಆಡಲು ಕೊಡಬಹುದಿತ್ತು, ಅಲ್ವಾ?

ಅದಕ್ಕೇ ಜಿಟಿಎ 6ರ ಲೂಸಿಯಾ ಮತ್ತು ಜೇಸನ್ ಮೇಲೆ ನನ್ನ ಕಣ್ಣಿದೆ. ಜಿಟಿಎ, ರೆಡ್ ಡೆಡ್ ಮಾಡುವ ರಾಕ್‌ಸ್ಟಾರ್ ಕಂಪನಿಗೆ ನಮ್ಮ ಬೆಂಗಳೂರಿನಲ್ಲೂ ಸ್ಟುಡಿಯೋ ಇದೆ, 2019ರಲ್ಲಿ ಇಲ್ಲಿನ ಹಳೆಯ ಗೇಮ್ ಕಂಪನಿ ಧ್ರುವ ಇಂಟರ್ಯಾಕ್ಟಿವ್ ಅನ್ನೂ ಅವರು ಕೊಂಡುಕೊಂಡರು, ಅದನ್ನು ನೆನೆದರೆ ಹೆಮ್ಮೆ ಆಗುತ್ತದೆ. ಈ ಸಲದ ಇಬ್ಬರೂ ಪ್ರೇಮಿಗಳು, ಜೊತೆಯಲ್ಲೇ ಅಪರಾಧ ಮಾಡುವವರು. ನನಗೆ ಬೇಕಾಗಿರುವುದು ಒಂದೇ. ಜೇಸನ್ ಆಗಿ ಆಡುವಾಗ ಲೂಸಿಯಾ ಎಲ್ಲಿಗೆ ಹೋಗಿದ್ದಾಳೆ ಅಂತ ನನಗೆ ಗೊತ್ತಾಗಬಾರದು, ಮತ್ತು ಅವಳನ್ನು ನಂಬಬೇಕೋ ಬೇಡವೋ ಅನ್ನುವುದನ್ನು ಅವನಂತೆ ನಾನೂ ಊಹೆಯ ಮೇಲೆ ತೀರ್ಮಾನಿಸುವಂತಿರಬೇಕು.