ನಿಲ್ಲಿಸುವಾಗ ಮಾತ್ರ ಡ್ರೈವ್ ಟ್ರಿಪ್ ಆಗುವುದು ಯಾಕೆ?

ನಮಸ್ಕಾರ್ರೀ. ಬ್ಯಾಡಗಿಯಲ್ಲಿ ಖಾರದಪುಡಿ ಗಿರಣಿ ನಡೆಸುವ ಒಬ್ಬರು ಕೇಳಿದ್ದಾರೆ: "ಮಷೀನ್ ಆರಾಮಾಗಿ ಚಾಲೂ ಆಗುತ್ತದೆ, ದಿನವಿಡೀ ಓಡುತ್ತದೆ. ಬಂದ್ ಮಾಡಿದ ಕೂಡಲೇ ಡ್ರೈವ್ ಟ್ರಿಪ್. ಓವರ್ ವೋಲ್ಟೇಜ್ ಅಂತ ತೋರಿಸುತ್ತದೆ." ಲೈನ್ ಅಳೆದಿದ್ದಾರೆ, 415 ವೋಲ್ಟ್ ಸರಿಯಾಗಿಯೇ ಇದೆ. ಹಾಗಾದರೆ ಜಾಸ್ತಿ ವೋಲ್ಟೇಜ್ ಬಂದದ್ದು ಎಲ್ಲಿಂದ?

ಡ್ರೈವ್ ಅಂದರೆ ವಿಎಫ್‌ಡಿ, ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ. ಟ್ರಿಪ್ ಅಂದರೆ ಅದು ತೊಂದರೆ ಕಂಡು ತಾನಾಗೇ ಬಂದ್ ಆಗುವುದು. ಬಂದ ಎಸಿಯನ್ನು ಡಿಸಿ ಮಾಡಿ ಕೆಪಾಸಿಟರ್‌ಗಳಲ್ಲಿ ಹಿಡಿದಿಡುತ್ತದೆ. ಐಜಿಬಿಟಿ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಅದನ್ನು ಮತ್ತೆ ಎಸಿ ಮಾಡಿ ಮೋಟಾರಿಗೆ ಕಳಿಸುತ್ತವೆ. ನಡುವಿನ ಈ ಡಿಸಿ ಭಾಗಕ್ಕೆ ಡಿಸಿ ಬಸ್ ಅನ್ನುತ್ತಾರೆ. 415ರ ಲೈನಿಗೆ ಅದು 560ರಿಂದ 590 ವೋಲ್ಟ್ ಇರುತ್ತದೆ. ಇಷ್ಟು ಸಾಕು.

(ಪರದೆಯಲ್ಲಿ: ಡಿಸ್‌ಪ್ಲೇ ಹತ್ತಿರದಿಂದ. ಸ್ಟಾಪ್ ಒತ್ತುತ್ತೇವೆ. ಡಿಸಿ ಬಸ್ 578... 640... 720... 790... ಟ್ರಿಪ್.)

ಈ ಅಂಕಿ ಏರುವುದನ್ನು ನೋಡಿದ್ರಾ? ಸ್ಟಾಪ್ ಒತ್ತಿದ ಮೇಲೆ ಏರುತ್ತಿದೆ! ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದೇ. ಪಲ್ವರೈಸರ್‌ನ ರೋಟರ್, ಅಂದರೆ ಪುಡಿ ಮಾಡುವ ಮಷೀನಿನೊಳಗೆ ತಿರುಗುವ ಭಾಗ, ಭಾರಿ ತೂಕದ್ದು. ಐದೇ ಸೆಕೆಂಡಿನಲ್ಲಿ ನಿಲ್ಲಬೇಕು ಅಂತ ಸೆಟ್ಟಿಂಗ್ ಇದ್ದರೆ ಡ್ರೈವ್ ಸರಸರ ಫ್ರೀಕ್ವೆನ್ಸಿ ಇಳಿಸುತ್ತದೆ. ಆದರೆ ಆ ಭಾರ ಅಷ್ಟು ಬೇಗ ನಿಧಾನವಾಗುವುದಿಲ್ಲ. ಡ್ರೈವ್ ಹೇಳಿದ ವೇಗಕ್ಕಿಂತ ಜೋರಾಗಿ ಮೋಟಾರ್ ತಿರುಗುತ್ತಿರುತ್ತದೆ. ಆಗ ಅದು ಮೋಟಾರ್ ಅಲ್ಲ, ಜನರೇಟರ್. ಹಳೆ ಸೈಕಲ್ಲಿನ ಡೈನಮೋ ಇದ್ದ ಹಾಗೆ: ಗಾಲಿ ತಿರುಗಿಸುತ್ತಿದೆ, ಕರೆಂಟ್ ಹುಟ್ಟುತ್ತಿದೆ.

ಆ ಕರೆಂಟ್ ಐಜಿಬಿಟಿಗಳ ಪಕ್ಕದ ಡಯೋಡ್‌ಗಳ ಮೂಲಕ ಬಸ್ಸಿಗೆ ವಾಪಸ್ ಬರುತ್ತದೆ. ಅಲ್ಲಿಂದ ಲೈನಿಗೆ ಹೋಗಲು ದಾರಿಯಿಲ್ಲ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಒಂದೇ ಕಡೆ ಬಿಡುತ್ತದೆ. ಕೆಪಾಸಿಟರಿನಲ್ಲೇ ತುಂಬಿಕೊಳ್ಳುತ್ತದೆ. 800 ವೋಲ್ಟಿನ ಆಸುಪಾಸು ಬಂದಾಗ ಡ್ರೈವ್ ತನ್ನ ಜೀವ ಉಳಿಸಿಕೊಳ್ಳಲು ಟ್ರಿಪ್ ಆಗುತ್ತದೆ. ಡ್ರೈವ್ ಕೆಟ್ಟಿಲ್ಲ. ಈ ಕೋಡ್ ನೋಡಿ ಬೋರ್ಡ್ ಬದಲಿಸಿದರೆ ದುಡ್ಡು ನೀರಿಗೆ ಹಾಕಿದಂತೆ.

ಮಾಡಬೇಕಾದ್ದು: ನಿಲ್ಲುವ ಸಮಯವನ್ನು 5ರಿಂದ 30, 40 ಸೆಕೆಂಡಿಗೆ ಏರಿಸಿ. ಇಲ್ಲವೇ ತಾನಾಗೇ ತಿರುಗಿ ನಿಲ್ಲಲು ಬಿಡುವ ಸೆಟ್ಟಿಂಗ್ ಹಾಕಿ. ಆಗ ರೋಟರ್ ಬಹಳ ಹೊತ್ತು ತಿರುಗುತ್ತದೆ, ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆಗೆಯಲೇಬೇಡಿ. ಬೇಗ ನಿಲ್ಲಿಸಲೇಬೇಕಾದರೆ ವಾಪಸ್ ಬಂದ ಕರೆಂಟನ್ನು ಬಿಸಿಯಾಗಿ ಕಳೆಯುವ ಬ್ರೇಕಿಂಗ್ ರೆಸಿಸ್ಟರ್ ಬೇಕು.

ಟೈಮ್ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ ಹೇಳ್ತೀನಿ. ಚಾಲೂ ಮಾಡುವಾಗ ಓವರ್ ಕರೆಂಟ್ ಬಂದರೆ ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯು ವೈರ್ ಬಿಚ್ಚಿ ಡ್ರೈವನ್ನು ಖಾಲಿ ಓಡಿಸಿ. ಆಗಲೂ ಟ್ರಿಪ್ ಆದರೆ ಡ್ರೈವಿನೊಳಗೆ ತೊಂದರೆ. ಆಗದಿದ್ದರೆ ಮೋಟಾರ್, ಕೇಬಲ್ ಅಥವಾ ಲೋಡ್ ನೋಡಿ. ಓಡುತ್ತಾ ಓಡುತ್ತಾ ಬಿಸಿಯಾಗಿ ನಿಂತರೆ ಫ್ಯಾನ್ ಮತ್ತು ಹೀಟ್‌ಸಿಂಕ್ ನೋಡಿ. ಗಾಳಿ ಆಡಲಿ ಅಂತ ಪ್ಯಾನೆಲ್ ಬಾಗಿಲು ತೆರೆದಿಡುತ್ತಾರೆ, ಖಾರದಪುಡಿ ಹೋಗಿ ಅಲ್ಲೇ ಕೂರುತ್ತದೆ. ದಯವಿಟ್ಟು ಬಾಗಿಲು ಮುಚ್ಚಿ, ಫಿಲ್ಟರ್ ಸ್ವಚ್ಛ ಇಡಿ.

ವೈರ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ, 10 ನಿಮಿಷ ಬಿಡಿ, ಬಸ್ ವೋಲ್ಟೇಜ್ ಇಳಿದಿದೆಯೇ ಅಂತ ಮೀಟರಿನಲ್ಲಿ ಅಳೆಯಿರಿ. ಡಿಸ್‌ಪ್ಲೇ ಆರಿದರೂ ಕೆಪಾಸಿಟರ್ ಜೀವ ತೆಗೆಯಬಲ್ಲದು. ಡ್ರೈವ್‌ಗೆ ಜೋಡಿಸಿದ ಮೋಟಾರಿಗೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಹಾಕಿ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಚ್ಚಬೇಡಿ, ಐಜಿಬಿಟಿ ಹೋಗುತ್ತದೆ.

ಕಾಮೆಂಟಿನಲ್ಲಿ ಬರೀ ಕೋಡ್ ಬರೆದರೆ ಸಾಲದು. ಟ್ರಿಪ್ ಯಾವಾಗ ಆಯಿತು ಅನ್ನುವುದನ್ನೂ ಬರೆಯಿರಿ.